ಒಂದು ವರ್ಷ ಉಳಿದಿತ್ತು

ಆ ಬೇಸಿಗೆಯಲ್ಲಿ ಎರಡನೇ ಸಲ ಯೆಸೇನಿಯಾಳ ತಲೆಯ ಮೇಲೆ ಮೊಟ್ಟೆ ಒಡೆದರು. ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದವರಿಗೆ ಆ ಊರಿನಲ್ಲಿ ಮಾಡುವ ಸಂಭ್ರಮ ಅದು. ಬೀದಿಯ ಹೆಂಗಸರು, ಮಕ್ಕಳು, ಜೊತೆಗೆ ಓದಿದವರು ಎಲ್ಲರೂ ಸುತ್ತುಗಟ್ಟಿದ್ದರು. ಮೊಟ್ಟೆಯ ಮೇಲೆ ಹಿಟ್ಟು ಸುರಿದು, ಕೆನ್ನೆಗೆ ಬಣ್ಣ ಬಳಿದು, "ಬಂದ್ರಪ್ಪಾ ಲಿಮಾದ ಇಂಜಿನಿಯರಮ್ಮ, ದಾರಿ ಬಿಡಿ!" ಎಂದು ಕೂಗಿದರು. ಗಂಡು ಹುಡುಗನಾಗಿದ್ದರೆ ಇಷ್ಟು ಹೊತ್ತಿಗೆ ತಲೆ ನುಣ್ಣಗೆ ಬೋಳಿಸಿರುತ್ತಿದ್ದರು. ಹುಡುಗಿಯಾದ್ದರಿಂದ ಜಡೆಯ ತುದಿ ಕತ್ತರಿಸಿ ಬಿಟ್ಟುಕೊಟ್ಟರು.

"ನೆಲಿದಾ ಎಲ್ಲಿ? ಕರೀರಿ ಅವಳನ್ನ. ಹೆತ್ತವಳೂ ಒಂದು ಮೊಟ್ಟೆ ಒಡೀಲಿ" ಎಂದಳು ಎದುರುಮನೆಯ ಕ್ಲೋರಿಂದಾ.

ನೆಲಿದಾ ಬರಲಿಲ್ಲ. ಮೊದಲ ಸಲ, ಮಗಳು ತ್ರುಹಿಯೊ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದ ಸುದ್ದಿ ಬಂದಾಗ, ಅವಳೇ ಕತ್ತರಿ ಹಿಡಿದು ಬೀದಿಗೆ ಓಡಿಬಂದಿದ್ದಳು. ಸಂತೆಯಲ್ಲಿ ಮಾರಬೇಕಿದ್ದ ಜೋಳದ ಕಡುಬನ್ನು ಬಾಳೆಲೆ ಬಿಚ್ಚಿ ಬಿಚ್ಚಿ ಊರಿಗೆಲ್ಲ ಹಂಚಿದ್ದಳು. ಈಗ ಲಿಮಾದ ಹೆಸರು ಕಿವಿಗೆ ಬಿದ್ದದ್ದೇ ತಡ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದಳು.

ಯಾಕೆಂದು ಯಾರೂ ಕೇಳಲಿಲ್ಲ. ಆ ಬೀದಿಗೆ ಗೊತ್ತಿಲ್ಲದ ಸಂಗತಿಯಲ್ಲ ಅದು. ಆರು ವರ್ಷದ ಹಿಂದೆ ಇದೇ ಹೊಸ್ತಿಲ ಮುಂದೆ ನೆಲಿದಾಳ ಮಗ ಪರ್ಸಿಯ ತಲೆ ಬೋಳಿಸಿದ್ದರು. ಚಿಂಬೋಟೆಯ ಈ ಮೀನುಗಾರರ ಕೇರಿಯಿಂದ ರಾಜಧಾನಿ ಲಿಮಾದ ಆ ದೊಡ್ಡ ಇಂಜಿನಿಯರಿಂಗ್ ವಿಶ್ವವಿದ್ಯಾಲಯಕ್ಕೆ ಹೋದ ಮೊದಲ ಹುಡುಗ ಅವನು. ನಾಲ್ಕು ವರ್ಷವಾದ ಮೇಲೆ ಪೆಟ್ಟಿಗೆಯಲ್ಲಿ ವಾಪಸು ಬಂದ. ಕಾಲೇಜಿಗೆ ಹೋಗುವ ದಾರಿಯಲ್ಲಿ, ಸಿಟಿ ಬಸ್ಸಿನ ಹಾಗೆ ಜನ ತುಂಬಿಕೊಂಡು ಓಡುವ ಅವನಿದ್ದ ವ್ಯಾನಿಗೆ ಇನ್ನೊಂದು ವ್ಯಾನು ಗುದ್ದಿತ್ತಂತೆ.

"ಒಂದೇ ಒಂದು ವರ್ಷ ಉಳಿದಿತ್ತು" ಎನ್ನುತ್ತಿದ್ದ ಅವನ ಅಪ್ಪ ಎಲಿಯೊದೊರೊ, ಸಿಕ್ಕಸಿಕ್ಕವರೊಡನೆ. ಬಂದರಿನ ಕಟ್ಟೆಯ ಮೇಲೆ, ಕ್ಷೌರದ ಅಂಗಡಿಯಲ್ಲಿ, ಬಲೆ ಒಣಹಾಕುವಾಗ. "ಒಂದು ವರ್ಷ ಕಳೆದಿದ್ರೆ ನನ್ನ ಮಗ ಇಂಜಿನಿಯರು. ಸೇತುವೆ ಕಟ್ಟೋನು." ಕೇಳಿದವರು ತಲೆ ತಗ್ಗಿಸುತ್ತಿದ್ದರು. ಎರಡು ವರ್ಷದಿಂದ ಅದೇ ಮಾತು. ಅವನ ಬಾಯಲ್ಲಿ ಅದು ಜಪದ ಹಾಗೆ ಆಗಿಹೋಗಿತ್ತು.

ಆ ದಿನ ಎಲಿಯೊದೊರೊ ದೋಣಿಯಿಂದ ಇಳಿದು ಬಂದವನು ಮೈಯೆಲ್ಲ ಮೀನಿನ ಹುರುಪೆಯಾಗಿರುವಂತೆಯೇ ಮಗಳನ್ನು ತಬ್ಬಿಕೊಂಡ. ಮೊಟ್ಟೆ, ಹಿಟ್ಟು, ಬಣ್ಣ ಎಲ್ಲ ಅವನ ಅಂಗಿಗೂ ಅಂಟಿತು.

"ಹೋಗು ಮಗಳೇ. ನಿಮ್ಮಣ್ಣ ಅರ್ಧಕ್ಕೆ ಬಿಟ್ಟದ್ದನ್ನ ನೀನು ಮುಗಿಸು" ಎಂದ.

ಒಳಗಿನಿಂದ ನೆಲಿದಾಳ ದನಿ ಕೇಳಿಸಿತು. "ಒಬ್ಬನನ್ನ ನುಂಗಿದ್ದು ಸಾಲದಾ ಆ ಊರಿಗೆ? ಇವಳನ್ನೂ ಬಡಿಸ್ತೀಯಾ?"

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ತ್ರುಹಿಯೊ ಅಂದ್ರೆ ಪಕ್ಕದ ಊರು. ಶನಿವಾರ ಬಸ್ಸು ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಮನೇಲಿರ್ತಾಳೆ. ಬಟ್ಟೆ ನಾನೇ ಒಗೀತೀನಿ" ಎನ್ನುತ್ತಿದ್ದಳು ನೆಲಿದಾ.

"ಬಟ್ಟೆ ಒಗೆಯೋಕೆ ಯಾರಾದ್ರೂ ವಿಶ್ವವಿದ್ಯಾಲಯ ಆರಿಸ್ತಾರೇನೆ? ಲಿಮಾದಲ್ಲಿ ಓದಿದೋರಿಗೆ ದೇಶದಲ್ಲಿ ಎಲ್ಲಿ ಹೋದ್ರೂ ಕುರ್ಚಿ ಹಾಕ್ತಾರೆ" ಎನ್ನುತ್ತಿದ್ದ ಎಲಿಯೊದೊರೊ.

"ನನ್ನ ಮಗನಿಗೂ ಹಾಕಿದ್ರಲ್ಲ. ಕುರ್ಚಿ ಅಲ್ಲ, ಪೆಟ್ಟಿಗೆ."

ಇಬ್ಬರ ನಡುವೆ ಯೆಸೇನಿಯಾ ತಟ್ಟೆಯಲ್ಲಿದ್ದ ಅನ್ನ ಕೆದಕುತ್ತ ಕೂರುತ್ತಿದ್ದಳು. ಅವಳಿಗೆ ಹದಿನೇಳು. ಏನು ಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದರಿಂದ ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ತ್ರುಹಿಯೊದಲ್ಲಿ ಸಿಕ್ಕಿದ್ದು ಮೆಕ್ಯಾನಿಕಲ್. ಅದನ್ನು ಅವಳೇ ಆರಿಸಿಕೊಂಡಿದ್ದಳು. ಮೀನು ಹಿಡಿಯಬಾರದ ತಿಂಗಳುಗಳಲ್ಲಿ ದೋಣಿ ದಡದಲ್ಲೇ ನಿಂತಿರುವಾಗ ಅಪ್ಪನ ಹಿಂದೆ ಹೋಗಿ, ಕೆಳಗಿನ ಇಂಜಿನ್ ಕೋಣೆಗೆ ಇಳಿದು, ಬಿಚ್ಚಿಹಾಕಿದ ಭಾಗಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂರುವುದೆಂದರೆ ಅವಳಿಗೆ ಚಿಕ್ಕಂದಿನಿಂದ ಹಬ್ಬ. ಲಿಮಾದಲ್ಲಿ ಸಿಕ್ಕಿದ್ದು ಸಿವಿಲ್. ಅದು ಪರ್ಸಿ ಓದಿದ ವಿಷಯ. ಅಪ್ಪ ಹೇಳಿದ ಎಂದು ಬರೆದ ಪರೀಕ್ಷೆ.

ಆದರೂ ಲಿಮಾದ ಸುದ್ದಿ ಬಂದಾಗ ಅವಳ ಎದೆ ಹಿಗ್ಗಿದ್ದು ಸುಳ್ಳಲ್ಲ. ಸಾವಿರಾರು ಮಂದಿ ಬರೆದು ಕೆಲವೇ ಮಂದಿ ಒಳಗೆ ಹೋಗುವ ಬಾಗಿಲು ಅದು. ಕೋಚಿಂಗ್ ಮೇಷ್ಟ್ರು, "ಲಿಮಾ ಬಿಟ್ಟು ತ್ರುಹಿಯೊಗೆ ಹೋದ್ಯೋ, ನನ್ನ ಮುಖಕ್ಕೆ ಮುಖ ಕೊಡಬೇಡ" ಎಂದಿದ್ದರು. ಎರಡೂ ಕಡೆ ಸೀಟು ಖಚಿತ ಮಾಡಬೇಕಾದದ್ದು ಒಂದೇ ವಾರದಲ್ಲಿ.

"ಒಂದು ಸಲ ಹೋಗಿ ಕಣ್ಣಲ್ಲಿ ನೋಡಿ ಬರೋಣ. ನೋಡಿದ ಮೇಲೆ ನಿಂಗೇ ಗೊತ್ತಾಗುತ್ತೆ" ಎಂದ ಎಲಿಯೊದೊರೊ.

ನೆಲಿದಾ ತಡೆಯಲಿಲ್ಲ. ಹೊರಡುವಾಗ ಮಗಳ ಕೈಗೆ ಕಡುಬಿನ ಗಂಟು ಕೊಟ್ಟು, "ವ್ಯಾನು ಹತ್ತಿದ್ರೆ ಬಾಗಿಲ ಹತ್ರ ಕೂರಬೇಡ" ಎಂದಳು ಅಷ್ಟೇ.

ಬೆಳಗಿನ ಬಸ್ಸಿನಲ್ಲಿ ಹೊರಟರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳು. ಎಲಿಯೊದೊರೊ ಗಡ್ಡ ಹೆರೆದು, ಮಗನ ಮಣ್ಣಿಗೆ ಹಾಕಿಕೊಂಡಿದ್ದ ಕೋಟು ಹಾಕಿಕೊಂಡಿದ್ದ. ಲಿಮಾ ತಲುಪಿದಾಗ ಆಕಾಶ ಹಳೆಯ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು.

ವಿಶ್ವವಿದ್ಯಾಲಯದ ಗೇಟಿನ ಬಳಿ ಅಬ್ನರ್ ಕಾಯುತ್ತಿದ್ದ. ಪರ್ಸಿಯ ಜೊತೆ ಒಂದೇ ಕೋಣೆಯಲ್ಲಿ ಇದ್ದವನು. ಅವನ ಸಾವಿಗೆ ಊರಿಗೆ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟವನು. ಈಗ ಓದು ಮುಗಿಸಿ ಯಾವುದೋ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದ. ಎಲಿಯೊದೊರೊನನ್ನು ಕಂಡವನೇ ಹೆಲ್ಮೆಟ್ಟು ಕಂಕುಳಿಗೆ ಸೇರಿಸಿ, "ಬನ್ನಿ ಮಾಮ" ಎಂದ. ಆದರೆ ಮುಖ ನೋಡಲಿಲ್ಲ.

ಒಳಗೆ ಹೋದಂತೆ ಯೆಸೇನಿಯಾಳ ನಡಿಗೆ ನಿಧಾನವಾಯಿತು. ಕಾಂಕ್ರೀಟು ಒಡೆದು ನೋಡುವ ಯಂತ್ರ, ಮನೆಯಷ್ಟು ದೊಡ್ಡದು. ಭೂಕಂಪದ ಹಾಗೆ ನೆಲವನ್ನೇ ಅಲ್ಲಾಡಿಸುವ ಒಂದು ವೇದಿಕೆ. ಗಾಜಿನ ಕಾಲುವೆಯಲ್ಲಿ ನೀರು ಹರಿಸಿ ಅಲೆಯನ್ನು ಅಳೆಯುತ್ತಿದ್ದ ಹುಡುಗಿಯರು, ಅವಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು, ಜೋರಾಗಿ ಜಗಳವಾಡುತ್ತ ನಗುತ್ತಿದ್ದರು. ಇಲ್ಲಿ ನಾನೂ ಇರಬಹುದು ಎಂದುಕೊಂಡಳು.

"ಪರ್ಸಿ ಎಲ್ಲಿ ಕೂರ್ತಿದ್ದ?" ಎಂದು ಕೇಳಿದ ಎಲಿಯೊದೊರೊ.

ಅಬ್ನರ್ ಅತ್ತಿತ್ತ ನೋಡಿ, ಹತ್ತಿರದ ಕಟ್ಟಡದ ಒಂದು ಕೋಣೆಗೆ ಕರೆದುಕೊಂಡು ಹೋದ. ಕೋಣೆ ಖಾಲಿಯಿತ್ತು. "ಇಲ್ಲೇ ಮಾಮ. ಕಿಟಕಿ ಪಕ್ಕ."

ಎಲಿಯೊದೊರೊ ಆ ಬೆಂಚಿನ ಮೇಲೆ ಕೂತ. ಬಲೆ ಎಳೆದು ಎಳೆದು ಸೊಟ್ಟಗಾದ ಬೆರಳುಗಳನ್ನು ಮೇಜಿನ ಮೇಲೆ ಬಿಡಿಸಿ ಇಟ್ಟ. ಪಾಠ ಶುರುವಾಗುತ್ತದೇನೋ ಎನ್ನುವ ಹಾಗೆ ಕಪ್ಪುಹಲಗೆಯನ್ನು ನೋಡುತ್ತ ಕುಳಿತುಬಿಟ್ಟ. ಅವನನ್ನು ಹಾಗೆ ನೋಡಲಾರದೆ ಯೆಸೇನಿಯಾ ಹೊರಗಿನ ಪಡಸಾಲೆಗೆ ಬಂದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಲ್ಲು ಕೂರಿಸಿದ್ದರು. ಈ ಕಟ್ಟಡ ಹೋದ ವರ್ಷ ಉದ್ಘಾಟನೆಯಾಯಿತು ಎಂದು ಅದರಲ್ಲಿ ಬರೆದಿತ್ತು.

ಅವಳು ಎರಡು ಸಲ ಓದಿದಳು. ಹಿಂದೆ ಅಬ್ನರ್ ಬಂದು ನಿಂತಿದ್ದ.

"ಇಲ್ಲಿ ಅವನು ಕೂತಿರೋಕೆ ಸಾಧ್ಯವೇ ಇಲ್ಲ" ಎಂದಳು.

"ಮೆಲ್ಲಗೆ ಮಾತಾಡು."

"ಯಾಕೆ ಸುಳ್ಳು ಹೇಳಿದೆ?"

ಅಬ್ನರ್ ಅವಳನ್ನು ಮೆಟ್ಟಿಲ ಕಡೆಗೆ ಕರೆದೊಯ್ದ. ಕಂಕುಳಲ್ಲಿದ್ದ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ, ತಿರುಗಿಸುತ್ತ ಹೇಳಿದ. ಮೊದಲ ವರ್ಷದ ಗಣಿತದಲ್ಲಿ ಪರ್ಸಿ ಫೇಲಾದ. ಮತ್ತೆ ಕಟ್ಟಿದ, ಮತ್ತೆ ಫೇಲಾದ. ಮೂರನೇ ಸಲವೂ ಹೋದರೆ ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಮೂರನೇ ಸಲವೂ ಹೋಯಿತು.

"ಹಂಗಾದ್ರೆ ಆಮೇಲಿನ ಎರಡು ವರ್ಷ?"

"ವ್ಯಾನಿನಲ್ಲಿ ಕಂಡಕ್ಟರ್ ಆಗಿದ್ದ."

ಯೆಸೇನಿಯಾ ತಿರುಗಿ ಅಪ್ಪನಿದ್ದ ಕೋಣೆಯ ಕಡೆ ನೋಡಿದಳು.

"ಬಾಗಿಲಲ್ಲಿ ಜೋತು ಬಿದ್ದು ಜನರನ್ನ ಕೂಗ್ತಿದ್ದ. ಚೆನ್ನಾಗಿ ಕೂಗ್ತಿದ್ದ ಕಣೆ. ಮುದುಕಿಯರು ಅವನ ವ್ಯಾನಿಗೇ ಕಾಯ್ತಿದ್ರು, ನಗಿಸ್ತಾನೆ ಅಂತ. ಈ ಕ್ರಿಸ್ಮಸ್ಸಿಗೆ ಮನೇಲಿ ಹೇಳ್ತೀನಿ, ಈ ಕ್ರಿಸ್ಮಸ್ಸಿಗೆ ಹೇಳ್ತೀನಿ ಅಂತಿದ್ದ. ಊರಿಗೆ ಬಂದಾಗ ಅಪ್ಪ ಎಲ್ಲರ ಮುಂದೆ 'ನಮ್ಮ ಇಂಜಿನಿಯರು' ಅಂದುಬಿಡೋರಂತೆ. ಬಾಯಿ ಕಟ್ಟಿಹೋಗೋದಂತೆ." ಅಬ್ನರ್ ಹೆಲ್ಮೆಟ್ಟು ತಿರುಗಿಸುವುದನ್ನು ನಿಲ್ಲಿಸಿ, "ಆ ದಿನ ವ್ಯಾನಿನೊಳಗೆ ಕೂತವರಿಗೆ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಬಾಗಿಲಲ್ಲಿ ಇದ್ದವನು ಇವನೊಬ್ಬನೇ" ಎಂದ.

ಪಡಸಾಲೆಯ ಆಚೆ ಕೋಣೆಯ ಬಾಗಿಲು ತೆರೆದೇ ಇತ್ತು. ಎಲಿಯೊದೊರೊನ ಬೆನ್ನು ಕಾಣುತ್ತಿತ್ತು.

"ಅಪ್ಪನಿಗೆ ಗೊತ್ತಾಗಬಾರದು" ಎಂದಳು ಯೆಸೇನಿಯಾ. "ಸತ್ತೇ ಹೋಗ್ತಾನೆ."

ಅಬ್ನರ್ ಏನೋ ಹೇಳಲು ಬಾಯಿ ತೆರೆದು, ಆ ಬೆನ್ನಿನ ಕಡೆಗೊಮ್ಮೆ ನೋಡಿ, ಮುಚ್ಚಿಕೊಂಡ.

ಊರಿಗೆ ಹೋಗುವ ಬಸ್ಸಿನ ನಿಲ್ದಾಣಕ್ಕೆ ವ್ಯಾನು ಹತ್ತಬೇಕಿತ್ತು. ಬಂದ ವ್ಯಾನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರನಿಗೆ ಪರ್ಸಿಯದೇ ವಯಸ್ಸು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ. "ಹತ್ತಿ ಹತ್ತಿ ಹತ್ತಿ! ಹಿಂದೆ ಖಾಲಿ ಹೊಡೀತಿದೆ! ಅಮ್ಮಾ, ನಿಮ್ಮ ಚೀಲಕ್ಕೂ ಸೀಟ್ ಕೊಡ್ಸಲಾ? ಇಳಿಯೋರು ಬಲಗಾಲು ಮುಂದೆ, ಬಲಗಾಲು!" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. ಯೆಸೇನಿಯಾ ಅವನ ಕಡೆ ನೋಡಬಾರದು ಎಂದು ಕಿಟಕಿಗೆ ಮುಖ ಮಾಡಿದಳು. ಅವಳ ಅಪ್ಪ ಒಳಗೆ ಸರಿಯದೆ ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತ.

ದೊಡ್ಡ ರಸ್ತೆಗೆ ಬಂದಾಗ ಪಕ್ಕದಲ್ಲಿ ಇನ್ನೊಂದು ವ್ಯಾನು ಬಂತು. ಮುಂದಿನ ನಿಲ್ದಾಣದ ಜನರಿಗಾಗಿ ಎರಡೂ ಪೈಪೋಟಿಗೆ ಬಿದ್ದವು. ಕಂಡಕ್ಟರ್ ಹೊರಗೆ ಬಾಗಿ, ತಗಡನ್ನು ಅಂಗೈಯಿಂದ ಬಡಿಯುತ್ತ, "ಒತ್ತು ಅಣ್ಣಾ, ಒತ್ತು ಒತ್ತು!" ಎಂದು ಡ್ರೈವರನಿಗೆ ಕೂಗಿದ.

ಆಗ ಎಲಿಯೊದೊರೊ ಕಂಬಿ ಬಿಟ್ಟು, ಆ ಹುಡುಗನ ಅಂಗಿಯನ್ನು ಬೆನ್ನ ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಒಳಗೆ ಬಾ ಮಗಾ" ಎಂದ.

"ಏಯ್, ಬಿಡಿ ಯಜಮಾನ್ರೆ! ಏನಿದು?"

"ಒಳಗೆ ಬಾ. ಒಳಗೆ ಬಾರಪ್ಪಾ."

"ಹುಚ್ಚೇನ್ರೀ ನಿಮಗೆ? ಅಂಗಿ ಹರಿಯುತ್ತೆ ಬಿಡ್ರೀ!"

ಜನ ನಕ್ಕರು. ಯಾರೋ, "ತಾತ ಟಿಕೆಟ್ ಚಿಲ್ಲರೆ ಕೇಳ್ತಿದಾನೆ, ಕೊಡೋ" ಎಂದರು. ಎಲಿಯೊದೊರೊ ಬಿಡಲಿಲ್ಲ. ತುಂಬಿದ ಬಲೆ ಹಿಡಿದವನ ಹಾಗೆ ಕಾಲೂರಿ ನಿಂತಿದ್ದ. ಅವನ ಕುತ್ತಿಗೆಯ ನರಗಳು ಉಬ್ಬಿದ್ದವು. ವ್ಯಾನು ನಿಂತ ಮೇಲೆ ಯೆಸೇನಿಯಾ ಜನರ ನಡುವೆ ನುಗ್ಗಿ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಪ್ಪನಿಗೆ ಗೊತ್ತು ಎಂಬುದು ಅವಳಿಗೆ ತಿಳಿದದ್ದು ಆ ಬೆರಳುಗಳಿಂದ.

ಇಬ್ಬರೂ ಅಲ್ಲೇ ಇಳಿದುಕೊಂಡರು. ಬೀದಿಬದಿಯಲ್ಲಿ ಕೋಳಿ ಸಾರು ಮಾರುವವಳ ಬೆಂಚಿತ್ತು. ಎರಡು ಬಟ್ಟಲು ತೆಗೆದುಕೊಂಡು ಕೂತರು. ಬಹಳ ಹೊತ್ತು ಯಾರೂ ಚಮಚ ಮುಟ್ಟಲಿಲ್ಲ.

"ಯಾವಾಗಿಂದ ಗೊತ್ತು?" ಎಂದಳು ಯೆಸೇನಿಯಾ.

"ಹೆಣ ತರೋಕೆ ಬಂದಾಗ. ಆಸ್ಪತ್ರೆಯಲ್ಲಿ ಅವನ ವ್ಯಾನಿನ ಡ್ರೈವರ್ ನನ್ನ ಕಾಲು ಹಿಡ್ಕೊಂಡು ಅಳ್ತಿದ್ದ. 'ನಿಮ್ಮ ಮಗನಂಥ ಕಂಡಕ್ಟರ್ ಸಿಗಲ್ಲ' ಅಂದ. ಯಾರ ಮಗನ ಬಗ್ಗೆ ಹೇಳ್ತಿದಾನೆ ಇವನು ಅನ್ಕೊಂಡೆ ನಾನು." ಎಲಿಯೊದೊರೊ ಸಾರಿನ ಆವಿಯನ್ನು ನೋಡುತ್ತಿದ್ದ. "ಅಬ್ನರ್‌ಗೆ ನಾನೇ ಹೇಳಿದ್ದು, ಒಂದು ವರ್ಷ ಉಳಿದಿತ್ತು ಅಂತ ಹೇಳು ಅಂತ. ನಿಮ್ಮಮ್ಮನಿಗೆ ಅಷ್ಟಾದರೂ ಉಳೀಲಿ ಅಂತ. ಮೊದಲು ಅವಳಿಗೆ ಹೇಳಿದೆ. ಆಮೇಲೆ ಬಂದರಲ್ಲಿ ಹೇಳಿದೆ. ಹೇಳ್ತಾ ಹೇಳ್ತಾ ನನಗೇ ನಿಜ ಆಗೋಯ್ತು."

"ಅವನು ನಿಂಗೆ ಯಾವತ್ತೂ ಹೇಳಲೇ ಇಲ್ವಾ?"

"ಹೇಳೋಕೆ ಬಂದ." ಅವನು ಮುಖ ಒರೆಸಿಕೊಂಡ. "ಸಾಯೋಕೆ ಸ್ವಲ್ಪ ದಿನ ಮುಂಚೆ ಫೋನ್ ಮಾಡಿದ್ದ. ನಾನು ದೋಣಿ ಮೇಲಿದ್ದೆ, ಜೊತೆಗಾರರೆಲ್ಲ ಇದ್ರು. 'ಅಪ್ಪಾ, ಊರಿಗೆ ಬಂದುಬಿಡ್ಲಾ? ನಿನ್ನ ಜೊತೆ ದೋಣಿಗೆ ಬರ್ತೀನಿ' ಅಂದ. ನಾನು ನಕ್ಕೆ. 'ಬಂದ್ರೆ ಇಂಜಿನಿಯರ್ ಆಗಿ ಬಾ, ಇಲ್ಲಾಂದ್ರೆ ಬರಲೇ ಬೇಡ' ಅಂದೆ. ಎಲ್ಲರಿಗೂ ಕೇಳೋ ಹಂಗೆ ಅಂದೆ. ಅವರೂ ನಕ್ಕರು. 'ಸರಿ ಅಪ್ಪಾ' ಅಂತ ಇಟ್ಟ."

ಸಾರು ಮಾರುವವಳು ಬಂದು, "ಚೆನ್ನಾಗಿಲ್ವಾ? ಉಪ್ಪು ಕಮ್ಮಿಯಾ?" ಎಂದಳು. ಇಬ್ಬರೂ ಚೆನ್ನಾಗಿದೆ ಎಂದು ತಲೆಯಾಡಿಸಿದರು.

"ನೀನು ಇಲ್ಲಿ ಸೇರಿ ಮುಗಿಸಿದ್ರೆ ಆ ಸುಳ್ಳು ಅರ್ಧಕ್ಕರ್ಧ ತೀರುತ್ತೆ ಅನ್ಕೊಂಡೆ" ಎಂದ ಎಲಿಯೊದೊರೊ. "ಇವತ್ತು ಆ ಬೆಂಚಿನ ಮೇಲೆ ಕೂತಾಗ ಅನ್ನಿಸ್ತು. ಅವನಿಗೆ ಹೊರೆಸಿದ ಮೂಟೇನೇ ಇವಳಿಗೂ ಹೊರೆಸ್ತಿದೀನಲ್ಲ ಅಂತ. ನೀನು ಹೇಳು ಮಗಳೇ. ನಿಂಗೇನು ಬೇಕು?"

ಗಾಜಿನ ಕಾಲುವೆಯ ಪಕ್ಕ ನಗುತ್ತಿದ್ದ ಹುಡುಗಿಯರು ಕಣ್ಣ ಮುಂದೆ ಬಂದರು. ದೋಣಿಯ ಇಂಜಿನ್ ಕೋಣೆಯ ಎಣ್ಣೆ ವಾಸನೆಯೂ ಬಂತು. ಬಾಗಿಲು ಹಾಕಿಕೊಂಡ ಅಮ್ಮ ಬಂದಳು.

"ಇದೂ ಬೇಕು ಅನ್ಸುತ್ತಪ್ಪ. ಸುಳ್ಳು ಯಾಕೆ ಹೇಳ್ಲಿ, ಇಂಥ ಜಾಗ ನಂಗೆ ಮತ್ತೆ ಸಿಗಲ್ಲ. ಆದ್ರೆ ಇಲ್ಲಿದ್ರೆ ದಿನಾ ಅವನು ಫೇಲಾದ ಪಾಠಾನೇ ನಾನು ಕೇಳ್ಬೇಕು. ಪ್ರತಿ ವ್ಯಾನಿನ ಬಾಗಿಲಲ್ಲೂ ಅವನನ್ನೇ ನೋಡ್ಬೇಕು. ನಂಗೆ ಭಯ." ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ನಂಗೆ ಸೇತುವೆ ಬೇಡಪ್ಪ. ಇಂಜಿನ್ ಬೇಕು. ತ್ರುಹಿಯೊಗೆ ಹೋಗ್ತೀನಿ" ಎಂದಳು.

ಎಲಿಯೊದೊರೊ ಬಟ್ಟಲನ್ನು ಎತ್ತಿ ಆರಿಹೋದ ಸಾರನ್ನು ಒಂದೇ ಗುಟುಕಿಗೆ ಕುಡಿದ. "ಆಯ್ತು" ಎಂದ. ಆಮೇಲೆ, "ಪರ್ಸಿ ವಿಷಯ ಅಮ್ಮನಿಗೆ ಹೇಳೋದು ಬೇಡ" ಎಂದ. ಅದಕ್ಕೂ ಅವಳು ಆಯ್ತು ಎಂದಳು.

ಲಿಮಾದ ಸೀಟನ್ನು ಬಿಟ್ಟುಕೊಟ್ಟ ದಿನ ಅವಳು ಬಂದರಿನ ಕಟ್ಟೆಯ ಮೇಲೆ ಒಬ್ಬಳೇ ಕೂತು ಅತ್ತಳು. ತನಗಾಗಿ ಅತ್ತಳೋ ಅಣ್ಣನಿಗಾಗಿ ಅತ್ತಳೋ ಅವಳಿಗೇ ಬಗೆಹರಿಯಲಿಲ್ಲ. ಕೋಚಿಂಗ್ ಮೇಷ್ಟ್ರು ಮಾತು ಬಿಟ್ಟರು. ಕ್ಲೋರಿಂದಾ ಎದುರಿಗೇ, "ಕೈಗೆ ಬಂದ ತುತ್ತನ್ನ ನಾಯಿಗೆ ಹಾಕಿದ್ರಿ. ನಮ್ಮ ಮೊಟ್ಟೆ ದಂಡ" ಎಂದಳು. ನೆಲಿದಾಗೆ ಮಾತ್ರ ಮನೆಗೆ ಬೆಳಕು ಬಂದ ಹಾಗಾಗಿತ್ತು. ಮಗಳಿಗೆ ಹೊಸ ಕಂಬಳಿ ಹೆಣೆದಳು, ಹಾಡಿಕೊಂಡೇ ಜೋಳ ರುಬ್ಬಿದಳು. ಗಂಡ ಬಂದರಿನಲ್ಲಿ ಪರ್ಸಿಯ ಮಾತು ಎತ್ತುವುದನ್ನು ನಿಲ್ಲಿಸಿದ್ದಾನೆ ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ.

ತ್ರುಹಿಯೊದಲ್ಲಿ ಯೆಸೇನಿಯಾ ಒಬ್ಬ ವಿಧವೆಯ ಮನೆಯ ಹಿತ್ತಿಲ ಕೋಣೆಯಲ್ಲಿ ಉಳಿದುಕೊಂಡಳು. ಕಾರ್ಯಾಗಾರದ ಯಂತ್ರಗಳು ಹಳೆಯವು. ಕೆಲವು ಅವಳ ಅಪ್ಪನಿಗಿಂತ ಹಳೆಯವು. ಆದರೂ ಮೊದಲ ದಿನ ಕೈಗೆ ಗ್ರೀಸು ಮೆತ್ತಿದಾಗ ಸರಿಯಾದ ಕಡೆ ಬಂದೆ ಎನ್ನಿಸಿತು. ಗಣಿತ ಮಾತ್ರ ಕಲ್ಲಾಗಿ ಕೂತಿತು. ಊರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಇಲ್ಲಿ ಮೇಷ್ಟ್ರು ಹಲಗೆಯ ಅರ್ಧ ಬರೆದು ಮುಗಿಸುವ ಹೊತ್ತಿಗೆ ಅವಳು ಮೊದಲ ಸಾಲಿನಲ್ಲೇ ತಡವರಿಸುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಆರು ಬಂತು.

ಅಂಕ ನೋಡಿದವಳು ಕೋಣೆಗೆ ಹೋಗಲಿಲ್ಲ. ಚೌಕದಲ್ಲಿ ಒಂದು ಬೆಂಚಿನ ಮೇಲೆ ಕೂತು ಜನ ಓಡಾಡುವುದನ್ನು ನೋಡಿದಳು. ಯಾರಿಗೂ ಹೇಳದೆ ಇರುವುದು ಎಷ್ಟು ಸುಲಭ ಎಂದು ಆಗ ಅವಳಿಗೆ ಹೊಳೆಯಿತು. ಮುಂದಿನ ಸಲ ತೆಗೆದರಾಯಿತು. ಆಮೇಲೆ ಅದರ ಮುಂದಿನ ಸಲ. ಹಾಗೇ ಒಂದು ದಿನ ಯಾವುದೋ ಬಾಗಿಲಲ್ಲಿ ಜೋತುಬಿದ್ದಿರುವುದು. ಅವಳು ಫೋನ್ ತೆಗೆದಳು.

ಎಲಿಯೊದೊರೊ ಎತ್ತಿಕೊಂಡ. ಹಿಂದೆ ಗಾಳಿ, ಜನರ ಕೂಗಾಟ, ಕಡಲಹಕ್ಕಿಗಳ ಗದ್ದಲ.

"ಅಪ್ಪಾ, ಗಣಿತದಲ್ಲಿ ಫೇಲಾದೆ."

ಆ ಕಡೆ ಜನರ ಕೂಗಾಟ ದೂರವಾಗುತ್ತ ಹೋಯಿತು. ಅಪ್ಪ ದೋಣಿಯ ಇನ್ನೊಂದು ತುದಿಗೆ ನಡೆದು ಹೋಗುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

"ಊಟ ಮಾಡಿದ್ಯಾ?" ಎಂದ ಅವನು.

"ಇಲ್ಲ."

"ಮೊದಲು ಏನಾದ್ರೂ ತಿನ್ನು. ಆಮೇಲೆ ಬಸ್ ಹತ್ತು, ಮನೆಗೆ ಬಾ. ಫೇಲಾದ್ರೆ ಫೇಲಾದೆ. ಬಾ ಮಗಳೇ. ಮನೆ ಇರೋದು ಮತ್ತೆ ಯಾಕೆ?"

ಮಾರನೆಯ ದಿನ ಶನಿವಾರ. ಅವಳು ಇಳಿದಾಗ ಎಲಿಯೊದೊರೊ ನಿಲ್ದಾಣದಲ್ಲಿ ನಿಂತಿದ್ದ. ಅಂಕದ ಮಾತು ಎತ್ತಲಿಲ್ಲ. ಚೀಲ ಇಸಿದುಕೊಂಡು ಮುಂದೆ ನಡೆದ. ಕಾರ್ಖಾನೆಗಳು ಮೀನುಹಿಟ್ಟು ಬೇಯಿಸುತ್ತಿದ್ದವು. ಊರೆಲ್ಲ ಆ ನಾತ.

ಊಟಕ್ಕೆ ಕೂತಾಗ ಯೆಸೇನಿಯಾ ತಾನೇ ಅಮ್ಮನಿಗೆ ಹೇಳಿದಳು. ನೆಲಿದಾ ಹುರಿದ ಮೀನನ್ನು ಮಗಳ ತಟ್ಟೆಗೆ ಬಡಿಸುತ್ತಿದ್ದಳು. ಕೈ ಹಾಗೇ ನಿಂತಿತು.

"ಆರಾ? ನಿದ್ದೆ ಮಾಡ್ತಿದ್ಯೇನೆ ಪರೀಕ್ಷೇಲಿ?" ಎಂದಳು. ಬೈಗುಳದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. "ನಿಮ್ಮಣ್ಣನ್ನ ನೋಡಿ ಕಲಿಬೇಕಿತ್ತು. ನಾಲ್ಕು ವರ್ಷ, ಒಂದೇ ಒಂದು ಸಲ ಫೇಲಾದವನಲ್ಲ ಅವನು."

ಯೆಸೇನಿಯಾ ತಟ್ಟೆ ನೋಡಿದಳು. ಈ ಮಾತನ್ನು ಇನ್ನು ಎಷ್ಟು ವರ್ಷ ಕೇಳಬೇಕೋ, ಕೇಳೋಣ ಎಂದುಕೊಂಡಳು.

ಎಲಿಯೊದೊರೊ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

"ಆಗಿದ್ದ, ನೆಲಿದಾ" ಎಂದ.

"ಏನಾಗಿದ್ದ?"

"ಫೇಲಾಗಿದ್ದ. ಮೂರು ಸಲ. ಎರಡು ವರ್ಷಕ್ಕೇ ಕಾಲೇಜು ಬಿಡಿಸಿದ್ರು."

ಇನ್ನು ಮುಚ್ಚಿಡಲು ಏನೂ ಇಲ್ಲ ಎಂಬಂತೆ ಎಲ್ಲವನ್ನೂ ಹೇಳಿದ. ಆಸ್ಪತ್ರೆ, ಡ್ರೈವರ್, ಬಾಗಿಲು, ಆ ಫೋನು, ತಾನು ನಕ್ಕದ್ದು. ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ. ಅವಳು ಕಿರುಚುತ್ತಾಳೆ, ತಟ್ಟೆ ಎಸೆಯುತ್ತಾಳೆ, ತನ್ನ ಎದೆಗೆ ಗುದ್ದುತ್ತಾಳೆ ಎಂದು ಕಾದ. ನೆಲಿದಾ ಮೀನಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಅದರ ಬಿಸಿ ಅವಳಿಗೆ ತಾಗಿದಂತೆ ಕಾಣಲಿಲ್ಲ.

ಕೊನೆಗೆ ಅವಳು ಕೇಳಿದ್ದು ಒಂದೇ. "ಹಂಗಾದ್ರೆ ಊಟ ಎಲ್ಲಿ ಮಾಡ್ತಿದ್ದ?"

ಗಂಡ ತಲೆ ಎತ್ತಿದ.

"ಕಾಲೇಜಿನ ಕ್ಯಾಂಟೀನಲ್ಲಿ ಬಿಸಿ ಊಟ ಕೊಡ್ತಾರಮ್ಮ, ಚಿಂತೆ ಮಾಡ್ಬೇಡ ಅಂತಿದ್ದ ಫೋನಲ್ಲಿ. ಹೊಟ್ಟೆ ತುಂಬ ಉಂಡೆ ಅಂತಿದ್ದ. ಕಾಲೇಜೇ ಇಲ್ಲ ಅಂದ್ರೆ ಎಲ್ಲಿ ಉಂಡ ನನ್ನ ಮಗ, ಆ ಎರಡು ವರ್ಷ?"

ಎಲಿಯೊದೊರೊಗೆ ಗೊತ್ತಿರಲಿಲ್ಲ. ಎಷ್ಟೋ ಸಂಗತಿಗಳನ್ನು ಎದೆಯಲ್ಲಿ ಹೊತ್ತು ತಿರುಗಿದವನು ಇದೊಂದನ್ನು ಕೇಳಿ ತಿಳಿದುಕೊಂಡಿರಲಿಲ್ಲ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಯೆಸೇನಿಯಾ ಎದ್ದು ಅಮ್ಮನ ಮಡಿಲಿನಿಂದ ಪಾತ್ರೆ ತೆಗೆದು ಪಕ್ಕಕ್ಕಿಟ್ಟಳು. ತಾಯಿಯ ಪಕ್ಕ ಕೂತಳು. "ನಂಗೂ ಸರಿಯಾಗಿ ಗೊತ್ತಿಲ್ಲಮ್ಮ" ಎಂದಳು. "ಅಬ್ನರ್‌ನ ಕೇಳೋಣ. ಅವನು ಹೇಳಿದ್ದು ಒಂದು ಗೊತ್ತು. ಅಣ್ಣನ ವ್ಯಾನಿಗೇ ಹತ್ತಬೇಕು ಅಂತ ಮುದುಕಿಯರು ಕಾಯ್ತಿದ್ರಂತೆ. ಅಷ್ಟು ನಗಿಸ್ತಿದ್ನಂತೆ."

"ಮುದುಕಿಯರಾ?"

"ಹೂಂ. ಚೆನ್ನಾಗಿ ಕೂಗ್ತಿದ್ನಂತೆ."

ನೆಲಿದಾ ಮಗಳ ಕಡೆ ತಿರುಗಿದಳು. ಸತ್ತ ಮಗನ ಬಗ್ಗೆ ಎರಡು ವರ್ಷದಲ್ಲಿ ಅವಳಿಗೆ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ.

"ಹೆಂಗೆ ಕೂಗ್ತಿದ್ದ?" ಎಂದಳು. "ಹೇಳು. ಏನಂತ ಕೂಗ್ತಿದ್ದ ಅವನು?"